ಪಾಸ್ಕಲನ ಜಾಗ

ಕೋಟನ್ನು ಮೇಜಿನ ಮೇಲೆ ಬೋರಲು ಹಾಸಿ, ಎಡ್ಮಂಡ್ ಅದರ ಬೆನ್ನನ್ನು ಕಾಲರಿನಿಂದ ಕೆಳಗಂಚಿನವರೆಗೆ ನೇರವಾಗಿ ಕತ್ತರಿಸಿದ. ಬಟ್ಟೆ ಹರಿದ ಸದ್ದಿಗೆ ಬಾಗಿಲಲ್ಲಿ ನಿಂತಿದ್ದ ಹೆಂಗಸರಿಬ್ಬರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಕೆಂಪು ಪಟ್ಟಿ, ಹಿತ್ತಾಳೆ ಗುಂಡಿಗಳ ಬ್ಯಾಂಡಿನ ಕೋಟು ಅದು. ಆರು ವರ್ಷಗಳ ಹಿಂದೆ ಅದನ್ನು ಹೊಲಿದವನೂ ಅವನೇ.

"ಬೇರೆ ದಾರಿ ಇಲ್ಲ," ಎಂದ, ಯಾರೂ ಕೇಳದಿದ್ದರೂ. "ಸತ್ತವರ ಕೈ ಬಗ್ಗುವುದಿಲ್ಲ. ಎರಡು ತೋಳು ಮುಂದಿನಿಂದ ತೂರಿಸಿ, ಬಟ್ಟೆಯನ್ನು ಬೆನ್ನಡಿಗೆ ಮಡಚಿದರೆ ಆಯ್ತು. ನೋಡಿದವರಿಗೆ ಗೊತ್ತಾಗುವುದಿಲ್ಲ."

"ಬಗ್ಗಿದ್ದರೂ ಇದು ಪಾಸ್ಕಲನಿಗೆ ಹಿಡಿಸ್ತಿರಲಿಲ್ಲ ಮಾರಾಯ," ಎಂದ ಹೆರಾಲ್ಡ್. ಹೆಣದ ಎಡಗೈ ಹಿಡಿದು ನಿಂತಿದ್ದ ಅವನು ಶಿರ್ವದ ಇಗರ್ಜಿ ಬ್ಯಾಂಡಿನಲ್ಲಿ ದೊಡ್ಡ ಡೋಲು ಬಡಿಯುವವನು. "ಎದೆ ನೋಡು ಅವನದ್ದು. ಟ್ಯೂಬಾ ಊದಿ ಊದಿ ಆದದ್ದು ಇದು. ಕಾರ್ನೆಟ್ ಊದಿದರೆ ಹೀಗೆಲ್ಲ ಆಗ್ತದಾ?"

ಶಿರ್ವ ಪೇಟೆಯಲ್ಲಿ ದರ್ಜಿ ಅಂಗಡಿ ಇಟ್ಟುಕೊಂಡವನು ಎಡ್ಮಂಡ್. ಪಾಸ್ಕಲನ ಎದೆ ಮೂವತ್ತಾರರಿಂದ ನಲವತ್ತೆರಡಕ್ಕೆ ಏರಿದ್ದನ್ನು ಟೇಪು ಹಿಡಿದು ಅಳೆದವನು. ತನ್ನ ಎದೆ ಮಾತ್ರ ಮದುವೆಯ ದಿನ ಎಷ್ಟಿತ್ತೋ ಅಷ್ಟೇ ಉಳಿದಿತ್ತು. ಇಬ್ಬರೂ ಊದಿದ್ದು ಇಪ್ಪತ್ತೆರಡು ವರ್ಷ, ಅವನು ದೊಡ್ಡ ಟ್ಯೂಬಾ, ತಾನು ಪುಟ್ಟ ತುತ್ತೂರಿಯಂಥ ಕಾರ್ನೆಟ್. ಹೆಣಕ್ಕೆ ಕೋಟು ತೊಡಿಸುವಾಗ ಇಂಥದ್ದು ನೆನಪಾಗಬಾರದು ಎಂದು ಅವನಿಗೂ ಗೊತ್ತಿತ್ತು, ಆದರೆ ಹೊಟ್ಟೆಕಿಚ್ಚಿಗೆ ಹೊತ್ತು ಗೊತ್ತು ಇರುವುದಿಲ್ಲ.

ಪಾಸ್ಕಲ್ ಸತ್ತದ್ದು ಹಿಂದಿನ ದಿನ ಮಧ್ಯಾಹ್ನ. ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಅವನದ್ದು ಬೈಂಡಿಂಗ್ ಕೆಲಸ. ಪುಸ್ತಕಕ್ಕೆ ದಾರ ಹಾಕುತ್ತ ಕುಳಿತವನು ಹಾಗೆಯೇ ಮೇಜಿನ ಮೇಲೆ ತಲೆಯಿಟ್ಟಿದ್ದ. ಊಟ ಹೆಚ್ಚಾಗಿ ತೂಕಡಿಸುತ್ತಿದ್ದಾನೆ ಎಂದು ಪಕ್ಕದವರು ಅರ್ಧ ಗಂಟೆ ಅವನನ್ನು ಹಾಗೆಯೇ ಬಿಟ್ಟಿದ್ದರು. ಐವತ್ತು ತುಂಬಲು ಎರಡು ತಿಂಗಳಿತ್ತು.

ಕೋಟಿನ ಗುಂಡಿ ಹಾಕಿ ಎಡ್ಮಂಡ್ ಕಿಟಕಿಯಿಂದ ಹೊರಗೆ ನೋಡಿದ. ಅಂಗಳ ತುಂಬಿ, ಜನ ಗೇಟಿನಾಚೆಯ ರಸ್ತೆಯಲ್ಲಿ ನಿಂತಿದ್ದರು. ಇನ್ನಂಜೆಯಿಂದ ಬೇಸಾಯದವರು ಬಂದಿದ್ದರು. ಹಿರಿಯಡ್ಕದಿಂದ ಯಾರೋ ಜೀಪು ಮಾಡಿಕೊಂಡು ಬಂದಿದ್ದರು. ಮಣಿಪಾಲದಿಂದ ಮುದ್ರಣಾಲಯದ ವ್ಯಾನು ಬಂದಿತ್ತು. ಪಾಸ್ಕಲ್ ದಿನವೂ ಹೋಗುತ್ತಿದ್ದ ಬಸ್ಸಿನ ಕಂಡಕ್ಟರ್ ಕೂಡ, ಬಸ್ಸನ್ನು ಇನ್ನೊಬ್ಬನಿಗೆ ಒಪ್ಪಿಸಿ, ಚರ್ಮದ ಚೀಲ ಹೆಗಲಲ್ಲಿಟ್ಟುಕೊಂಡೇ ನಿಂತಿದ್ದ.

ನೆರೆಮನೆಯ ರತ್ನಾವತಿ ಟೀಚರು ಜಗಲಿಯಲ್ಲಿ ಯಾರಿಗೋ ಹೇಳುತ್ತಿದ್ದರು: "ಜೂನ್ ಬಂತೆಂದರೆ ನಮ್ಮ ಶಾಲೆಯ ಮಕ್ಕಳ ಹಳೇ ಪುಸ್ತಕಗಳನ್ನೆಲ್ಲ ಹೊತ್ತುಕೊಂಡು ಹೋಗುವುದು, ಹೊಸದಾಗಿ ಹೊಲಿದು ತರುವುದು. ಎಷ್ಟು ವರ್ಷ! ಒಂದು ದಿನ ಬೇಜಾರು ಅಂತ ಉಂಟಾ ಆ ಮನುಷ್ಯನಿಗೆ?"

ತಾನೂ ಈ ಊರಿನ ಮಕ್ಕಳಿಗೆಲ್ಲ ಚಡ್ಡಿ ಹೊಲಿದಿದ್ದೇನೆ, ಎಂದುಕೊಂಡ ಎಡ್ಮಂಡ್. ನಾಳೆ ತಾನು ಸತ್ತರೆ ಬಸ್ಸಿನ ಕಂಡಕ್ಟರ್ ಬರುತ್ತಾನೆಯೇ? ಬರುವುದಿಲ್ಲ. ಹೆಂಡತಿ ಇಮೆಲ್ಡಾಳ ತಮ್ಮಂದಿರು ಬಂದರೆ ಹೆಚ್ಚು.

ಒಂದು ಸಮಾಧಾನವಿತ್ತು. ಮೂರೂವರೆಗೆ ಮೆರವಣಿಗೆ ಹೊರಟರೆ ಇಗರ್ಜಿಗೆ ಒಂದು ಮೈಲಿ. ಆ ಒಂದು ಮೈಲಿ ಈ ಜನವೆಲ್ಲ ಕೇಳುವುದು ತನ್ನ ಕಾರ್ನೆಟನ್ನು. ಬರೀ ತನ್ನ ಕಾರ್ನೆಟನ್ನು. ಇಪ್ಪತ್ತೆರಡು ವರ್ಷ ಅವನ ಪ್ರತಿಯೊಂದು ಹಾಡಿನ ಅಡಿಯಲ್ಲಿ ಪಾಸ್ಕಲನ ಆ ದಪ್ಪ ಸ್ವರ ಹಾಸಿಕೊಂಡು ಬಿದ್ದಿರುತ್ತಿತ್ತು. ಇವತ್ತು ಅದು ಇರುವುದಿಲ್ಲ. ಅವನಿಗೆ ಬೇಕಾಗಿದ್ದುದು ಅಷ್ಟೇ.

ಹಾಗೆಂದುಕೊಳ್ಳುತ್ತಿರುವಾಗಲೇ ಗೇಟಿನಲ್ಲಿ ಜನ ಎರಡು ಪಾಲಾಗಿ, ನಡುವಿನಿಂದ ಗೋಣಿ ಸುತ್ತಿದ ದೊಡ್ಡ ಗಂಟೊಂದನ್ನು ಅಪ್ಪಿಕೊಂಡು ಭೋಜ ಬಂದ.

ಭೋಜ ಕಾರ್ಕಳದಲ್ಲಿ ಕಲ್ಲು ಕೆತ್ತುವವನು. ಅಲ್ಲಿಯ ಬ್ಯಾಂಡಿನಲ್ಲಿ ಟ್ಯೂಬಾ ಊದುತ್ತಾನೆ. ಮೂರು ವರ್ಷ ಭಾನುವಾರಕ್ಕೊಮ್ಮೆ ಬಸ್ಸು ಹಿಡಿದು ಬಂದು ಇದೇ ಜಗಲಿಯಲ್ಲಿ ಪಾಸ್ಕಲನಿಂದ ಕಲಿತದ್ದು. ಅವನು ಒಳಗೆ ಬಂದು ಹೆಣದ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಪಾಸ್ಕಲನ ಹೆಂಡತಿ ಝೀಟಾಳಿಗೆ ಕೈಮುಗಿದ. ಆಮೇಲೆ ಎಡ್ಮಂಡನ ಕಡೆ ತಿರುಗಿ, ಕ್ರೈಸ್ತರನ್ನು ಈ ಕಡೆಯವರು ಮರ್ಯಾದೆಯಿಂದ ಕರೆಯುವಂತೆ ಕರೆದ.

"ಪೊರ್ಬುಗಳೇ, ಬೆಳಿಗ್ಗೆ ಸುದ್ದಿ ಸಿಕ್ಕಿದ್ದು. ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಬಂದೆ. ಟ್ಯೂಬಾಕ್ಕೆ ಇವತ್ತು ಜನ ಬೇಕಲ್ವಾ?"

"ಬಂದದ್ದು ಒಳ್ಳೆಯದಾಯ್ತು ಭೋಜ," ಎಂದ ಎಡ್ಮಂಡ್. "ಆದರೆ ನಮ್ಮ ಬ್ಯಾಂಡಿನಲ್ಲಿ ಒಂದು ಪದ್ಧತಿ ಉಂಟು. ಬ್ಯಾಂಡಿನವನು ಸತ್ತರೆ ಆ ದಿನ ಸಾಲಿನಲ್ಲಿ ಅವನ ಜಾಗ ಖಾಲಿ ಬಿಡುವುದು. ಅವನ ವಾದ್ಯವನ್ನು ಬೇರೆ ಯಾರೂ ಊದುವ ಹಾಗಿಲ್ಲ."

ಅಂಥ ಪದ್ಧತಿ ಇರಲಿಲ್ಲ. ಇರುವುದಾದರೂ ಹೇಗೆ? ಬ್ಯಾಂಡು ಶುರುವಾದಂದಿನಿಂದ ಅದರವರು ಯಾರೂ ಸತ್ತಿರಲಿಲ್ಲ. ಪಾಸ್ಕಲನೇ ಮೊದಲಿಗ, ಸಾಯುವುದರಲ್ಲೂ ಅವನೇ ಮುಂದೆ.

"ಯಾವಾಗಿನಿಂದ ಮಾರಾ—" ಎಂದು ಹೆರಾಲ್ಡ್ ಬಾಯಿ ತೆರೆದ. ಎಡ್ಮಂಡ್ ಅವನ ಕಾಲು ತುಳಿದ.

ಬಾಗಿಲಲ್ಲಿದ್ದ ಹೆಂಗಸರು ಅಳತೊಡಗಿದ್ದರು. "ಜಾಗ ಖಾಲಿ ಬಿಡುವುದಂತೆ," ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದಳು. ಆ ಮಾತು ಜಗಲಿ ದಾಟಿ ಅಂಗಳಕ್ಕೆ ಹೋಯಿತು. ಅಷ್ಟರಲ್ಲಿ ಪಾದ್ರಿಗಳು ಬಂದರು. ಅವರಿಗೂ ವಿಷಯ ಮುಟ್ಟಿತು. "ಎಷ್ಟು ಚಂದದ ಪದ್ಧತಿ ಎಡ್ಮಂಡ್!" ಎಂದರು ಅವರು, ಹೆಗಲ ಮೇಲೆ ಕೈಯಿಟ್ಟು. "ನನಗೆ ಗೊತ್ತೇ ಇರಲಿಲ್ಲ. ಪ್ರವಚನದಲ್ಲಿ ಹೇಳ್ತೇನೆ." ಸುಳ್ಳಿಗೆ ಅರ್ಧ ಗಂಟೆಯೂ ಆಗಿರಲಿಲ್ಲ, ಆಗಲೇ ಅದಕ್ಕೆ ಪವಿತ್ರ ಜಲ ಬಿದ್ದಿತ್ತು.

ಭೋಜ ಮಾತ್ರ ತಲೆಬಾಗಿಸಿ, "ಹಾಗಾದರೆ ಸರಿ," ಎಂದ. ಗೋಣಿಯ ಗಂಟನ್ನು ಎಲ್ಲಿಡುವುದೆಂದು ತಿಳಿಯದೆ ಮತ್ತೆ ಅಪ್ಪಿಕೊಂಡ.

ಝೀಟಾ ಅಳುತ್ತಿರಲಿಲ್ಲ. ಅವಳು ಎಡ್ಮಂಡನನ್ನೇ ನೋಡಿ ಕೇಳಿದಳು: "ಅವರು ಇಲ್ಲದೆ ನೀವು ಊದ್ತೀರಾ?"

"ಊದ್ತೇವೆ ಝೀಟಾ. ಯಾಕೆ ಊದಬಾರದು?"

ಅವಳು ಬಗ್ಗಿ ಹೆಣದ ಕೋಟಿನ ಕಾಲರು ಸರಿಮಾಡಿದಳು.

*

೧೯೬೧ರಲ್ಲಿ ಮಂಗಳೂರಿನಿಂದ ಬಂದ ಬ್ಯಾಂಡ್ ಮಾಸ್ಟ್ರು ಊರಿನ ಯುವಕರನ್ನು ಇಗರ್ಜಿಯ ಶಾಲೆಯ ಜಗಲಿಯಲ್ಲಿ ಸಾಲಾಗಿ ನಿಲ್ಲಿಸಿ, "ಹಲ್ಲು ತೋರಿಸಿ," ಎಂದಿದ್ದರು. ಎತ್ತು ಕೊಳ್ಳುವವರ ಹಾಗೆ ಒಬ್ಬೊಬ್ಬರ ಹಲ್ಲು ನೋಡಿ, ತುಟಿ ಹಿಡಿದು ಎಳೆದು, ಯಾರಿಗೆ ಯಾವ ವಾದ್ಯ ಎಂದು ತೀರ್ಮಾನಿಸುವುದು ಅವರ ಕ್ರಮ. ಎಡ್ಮಂಡನ ತೆಳು ತುಟಿ ನೋಡಿ ಅವರ ಮುಖ ಅರಳಿತು. "ಕಾರ್ನೆಟ್! ಹಾಡು ಹಿಡಿಯುವವನು ನೀನು. ಎಲ್ಲರಿಗಿಂತ ಮುಂದೆ ನಿಲ್ಲು."

ಕೊನೆಗೆ ಉಳಿದವನು ಪಾಸ್ಕಲ್, ಉಳಿದ ವಾದ್ಯ ಟ್ಯೂಬಾ. ದಪ್ಪ ತುಟಿಗೆ ದಪ್ಪ ವಾದ್ಯ. ಎಲ್ಲಿಯದೋ ಹಳೆಯ ಬ್ಯಾಂಡು ಮಾರಿದ್ದು, ಹೊಟ್ಟೆಯ ಮೇಲೆ ತೆಂಗಿನಕಾಯಿ ಗಾತ್ರದ ನಗ್ಗು. ಪಾಸ್ಕಲ್ ಅದನ್ನು ತೊಡೆಯ ಮೇಲಿಟ್ಟುಕೊಂಡು ಊದಿದಾಗ ಮೊದಲು ಬಂದ ಸದ್ದಿಗೆ ಇಡೀ ಜಗಲಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಎಡ್ಮಂಡ್.

"ಇದರಲ್ಲಿ ಹಾಡು ಬರ್ತದಾ ಮಾಸ್ಟ್ರೇ?"

"ಬರುವುದಿಲ್ಲ. ನಿನಗೆ ಹೆಚ್ಚಿನ ಕಡೆ ಎರಡೇ ಸ್ವರ. ಆದರೆ ಹಾಡು ಮುಗಿಯುವವರೆಗೂ ನಿಲ್ಲಿಸುವ ಹಾಗಿಲ್ಲ."

"ಎರಡೇ ಅಲ್ವಾ?" ಎಂದ ಪಾಸ್ಕಲ್ ಸಂತೋಷದಿಂದ. "ಕಲಿತೇನು."

ಆ ದಿನ ಎಡ್ಮಂಡನಿಗೆ ಅವನ ಮೇಲೆ ಕನಿಕರ ಹುಟ್ಟಿತು. ಆ ಕನಿಕರ ಹಾಗೆಯೇ ಉಳಿದಿದ್ದರೆ ಇಬ್ಬರೂ ಸುಖವಾಗಿರುತ್ತಿದ್ದರು. ಆದರೆ ಮೊದಲ ಹಬ್ಬದ ದಿನವೇ ಅದು ಹಾಳಾಯಿತು. ಇಡೀ ಹಾಡನ್ನು ಒಂದು ತಪ್ಪಿಲ್ಲದೆ ಊದಿ ಮುಗಿಸಿ, ಕಾರ್ನೆಟ್ ಒರೆಸಿಕೊಂಡು ಎಡ್ಮಂಡ್ ಯಾರಾದರೂ ಬರುತ್ತಾರೆಂದು ಕಾದ. ಮಕ್ಕಳು, ಮುದುಕರು, ಮದುವೆಯಾಗದ ಹುಡುಗಿಯರು ಎಲ್ಲರೂ ಹೋದದ್ದು ಟ್ಯೂಬಾದ ಹತ್ತಿರ. ಒಬ್ಬ ಅದರ ಬಾಯೊಳಗೆ ತಲೆ ತೂರಿಸಿದ. ಇನ್ನೊಬ್ಬಳು ಮುಂಡಾಸಿನಂಥ ಆ ಹಿತ್ತಾಳೆಯ ಸುತ್ತನ್ನು ತಟ್ಟಿ, "ಇನ್ನೊಮ್ಮೆ ಊದಿ," ಎಂದು ಕಿಲಕಿಲ ನಕ್ಕಳು. ಅವಳು ಝೀಟಾ. ಪಾಸ್ಕಲ್ ಊದಿದ. ಎರಡೇ ಸ್ವರ.

ಎಡ್ಮಂಡ್ ಆಮೇಲೆ ಇಮೆಲ್ಡಾಳನ್ನು ಮದುವೆಯಾದ, ಅವಳು ಒಳ್ಳೆಯವಳು, ಅದರ ಬಗ್ಗೆ ಅವನಿಗೆ ದೂರಿಲ್ಲ. ದೂರಿದ್ದುದು ಒಂದೇ ಒಂದು ಮಾತಿಗೆ. ಮದುವೆಯಾದ ಎರಡನೆಯ ವರ್ಷ, ಹಬ್ಬದ ಮೆರವಣಿಗೆ ಮುಗಿಸಿ ಮನೆಗೆ ಬಂದಾಗ ಬಿಸಿ ಅನ್ನ ಬಡಿಸುತ್ತ ಅವಳು ಹೇಳಿದ್ದಳು:

"ಮೆರವಣಿಗೆ ಗದ್ದೆಯ ಆಚೆ ಇರುವಾಗಲೇ ನನಗೆ ಗೊತ್ತಾಗ್ತದೆ. ಪಾಸ್ಕಲನ ವಾದ್ಯ ಕೇಳಿದ ಕೂಡಲೇ ಅಕ್ಕಿ ಹಾಕ್ತೇನೆ. ನೀವು ಬರುವಾಗ ಸರಿಯಾಗಿ ಬೆಂದಿರ್ತದೆ."

"ನನ್ನದು ಕೇಳುವುದಿಲ್ವಾ?"

"ನಿಮ್ಮದು ಹತ್ತಿರ ಬಂದ ಮೇಲೆ," ಎಂದಳು ಇಮೆಲ್ಡಾ, ಇನ್ನೊಂದು ಸೌಟು ಅನ್ನ ಹಾಕುತ್ತ.

ಎಡ್ಮಂಡ್ ಆ ಅನ್ನ ಉಂಡ.

*

೧೯೭೪ರಲ್ಲಿ ಉಡುಪಿಯಲ್ಲಿ ಬ್ಯಾಂಡುಗಳ ಸ್ಪರ್ಧೆ ನಡೆಯಿತು. ಎಡ್ಮಂಡ್ ಎರಡು ತಿಂಗಳು ಅಂಗಡಿಯ ಕೆಲಸ ಅರ್ಧ ಮಾಡಿ ಅಭ್ಯಾಸ ಮಾಡಿದ. ಮದುವೆಯ ಕೋಟು ತಡವಾಗಿ ಇಬ್ಬರು ಮದುಮಗರು ಅವನ ಮೇಲೆ ಮುನಿಸಿಕೊಂಡರು. ಸ್ಪರ್ಧೆಯ ದಿನ ಕಾರ್ನೆಟ್ ಅವನು ಹೇಳಿದ ಹಾಗೆ ಕೇಳಿತು. ತನ್ನ ಜೀವನದಲ್ಲಿ ಅದಕ್ಕಿಂತ ಚೆನ್ನಾಗಿ ಅವನು ಎಂದೂ ಊದಿರಲಿಲ್ಲ.

ತೀರ್ಪುಗಾರರಲ್ಲಿ ಒಬ್ಬರು ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾದ ಮುದುಕರು. ಎಲ್ಲ ಮುಗಿದ ಮೇಲೆ ಅವರು ವೇದಿಕೆ ಹತ್ತಿ ನೇರವಾಗಿ ಎಡ್ಮಂಡನ ಕಡೆ ಬಂದರು. ಎಡ್ಮಂಡ್ ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದೆ ಚಾಚಿದ. ಮುದುಕರು ಅದನ್ನು ನೋಡಲೇ ಇಲ್ಲ. ಅವನ ಹೆಗಲ ಪಕ್ಕದಿಂದ ಹಾದು, ಹಿಂದೆ ನಿಂತಿದ್ದ ಪಾಸ್ಕಲನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು ಏನೋ ಹೇಳಿದರು.

ವಾಪಸು ಬರುವಾಗ, ಕಾಪು ದಾಟುವವರೆಗೂ ಎಡ್ಮಂಡ್ ತಡೆದುಕೊಂಡ. ಆಮೇಲೆ ಆಗಲಿಲ್ಲ.

"ಎಂತ ಹೇಳಿದ ಆ ಮುದುಕ?"

ಬಸ್ಸಿನಲ್ಲಿ ಟ್ಯೂಬಾಕ್ಕೂ ಒಂದು ಸೀಟು ಹಿಡಿದು, ಅದರ ಮೇಲೆ ಕೈ ಹಾಕಿ ಕುಳಿತಿದ್ದ ಪಾಸ್ಕಲ್ ಕಿಟಕಿಯಾಚೆ ನೋಡಿದ. "ಇದು ಎಷ್ಟು ಭಾರ ಉಂಟು ಅಂತ ಕೇಳಿದ," ಎಂದ.

"ಅಷ್ಟೇ?"

"ಅಷ್ಟೇ ಮಾರಾಯ."

ಎಡ್ಮಂಡನಿಗೆ ಸ್ವಲ್ಪ ಹಾಯೆನಿಸಿತು. ಭಾರ ಹೊರುವವನಿಗೆ ಯಾರಾದರೂ ಒಂದು ಶಹಬ್ಬಾಸ್ ಕೊಡಬೇಕು, ಅದು ಧರ್ಮ. ಆದರೆ ಮನೆಗೆ ಬಂದು ಮಲಗಿದಾಗ ಎರಡು ಕೈಗಳಲ್ಲಿ ಹಿಡಿದ ಆ ಒಂದು ಕೈ ಮತ್ತೆ ಮತ್ತೆ ಕಣ್ಣ ಮುಂದೆ ಬಂತು. ಭಾರ ಎಷ್ಟೆಂದು ಕೇಳಲು ಯಾರೂ ಹಾಗೆ ಕೈ ಹಿಡಿಯುವುದಿಲ್ಲ.

*

ಮೂರೂವರೆಗೆ ಮೆರವಣಿಗೆ ಹೊರಟಿತು. ಮುಂದೆ ಶಿಲುಬೆ, ಅದರ ಹಿಂದೆ ಬ್ಯಾಂಡು, ಆಮೇಲೆ ಪಾದ್ರಿಗಳು, ಆರು ಜನರ ಹೆಗಲ ಮೇಲೆ ಪೆಟ್ಟಿಗೆ, ಝೀಟಾ ಮತ್ತು ಅವಳ ಇಬ್ಬರು ಹೆಣ್ಣುಮಕ್ಕಳು, ಕೊನೆಗೆ ಊರಿಗೆ ಊರು. ಬ್ಯಾಂಡಿನ ಎರಡನೆಯ ಸಾಲಿನಲ್ಲಿ, ಎಡ್ಮಂಡನ ಬೆನ್ನ ಹಿಂದೆ, ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಖಾಲಿ. ಜನ ಅದನ್ನು ಬೆರಳು ಮಾಡಿ ತೋರಿಸಿ ಮೂಗು ಒರೆಸಿಕೊಂಡರು. ಸಾವಿನ ಮೆರವಣಿಗೆಯಲ್ಲಿ ದೊಡ್ಡ ಡೋಲಿಗೆ ಕಪ್ಪು ಬಟ್ಟೆ ಸುತ್ತುತ್ತಾರೆ. ಹೆರಾಲ್ಡನ ಪೆಟ್ಟು ಪಕ್ಕದವನಿಗೇ ಕೇಳುವಂತಿರಲಿಲ್ಲ.

ಎಡ್ಮಂಡ್ ಕಾರ್ನೆಟ್ ಎತ್ತಿ ಶುರುಮಾಡಿದ.

ಸ್ವರ ಗದ್ದೆಯ ಮೇಲೆ ಒಂಟಿಯಾಗಿ ಹೋಯಿತು. ಸುಗ್ಗಿ ಬೆಳೆಯ ಹಸುರು, ಫೆಬ್ರವರಿಯ ಬಿಸಿಲು, ಚೂರೂ ಗಾಳಿಯಿಲ್ಲ. ಇಷ್ಟು ತಿಳಿಯಾಗಿ ತನ್ನದೇ ಸ್ವರವನ್ನು ಅವನು ಈವರೆಗೆ ಕೇಳಿರಲಿಲ್ಲ. ಬೆನ್ನು ಹಗುರಾಗಿತ್ತು. ಇಪ್ಪತ್ತೆರಡು ವರ್ಷ ಅಲ್ಲಿ ಬಂದು ಬೀಳುತ್ತಿದ್ದ ಆ ದಪ್ಪ ಉಸಿರು ಇಲ್ಲ. ಹಿಂದೆ ಯಾರೋ ಗಟ್ಟಿಯಾಗಿ ಅತ್ತರು. ಅದು ತನ್ನ ಊದುವಿಕೆಗೆ ಬಂದ ಅಳು ಎಂದು ಅವನಿಗೆ ಖಾತ್ರಿಯಾಯಿತು. ಅವನಿಗೆ ಸಂತೋಷವಾಯಿತು. ಹೌದು, ಹೆಣದ ಮುಂದೆ ನಡೆಯುತ್ತ ಸಂತೋಷವಾಯಿತು. ಎರಡನೆಯ ಚರಣವನ್ನು ಅವನು ಇನ್ನಷ್ಟು ಮನಸ್ಸಿಟ್ಟು ಊದಿದ. ಮೂರನೆಯದನ್ನು ಇನ್ನಷ್ಟು.

ರಸ್ತೆ ನೀರು ಹರಿಯುವ ತೋಡಿನ ಕಡೆಗೆ ಸ್ವಲ್ಪ ಇಳಿಯುತ್ತದೆ. ಮೋರಿ ದಾಟುವಾಗ ಶಿಲುಬೆ ಹಿಡಿದವನು ತಿರುಗಿ ನೋಡಿದ. ಎಡ್ಮಂಡ್ ಕಣ್ಣಿನಿಂದಲೇ, ನಡೆ, ಎಂದ. ಅವನು ನಡೆದ, ಬೇಗ ನಡೆದ. ಕ್ಲಾರಿನೆಟ್ಟಿನವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಉಸಿರು ಸಿಗದೆ ಮುಖ ಕೆಂಪು ಮಾಡಿಕೊಂಡಿದ್ದರು. ಎಡ್ಮಂಡನಿಗೆ ಅದೂ ಕಾಣಲಿಲ್ಲ. ಒಂದು ಸ್ವರ ಮುಗಿಯುವ ಮೊದಲೇ ಮುಂದಿನದು ತುಟಿಗೆ ಬರುತ್ತಿತ್ತು. ಅಷ್ಟು ಸಲೀಸು.

"ಏ ಎಡ್ಮಂಡ್!" ಹೆರಾಲ್ಡನ ದನಿ. "ಮೆಲ್ಲ ಮಾರಾಯ! ಇದು ಮರಣವಾ ಮದುವೆಯಾ?"

ಎಡ್ಮಂಡ್ ಊದುತ್ತಲೇ ಇದ್ದ. ಹೆರಾಲ್ಡನಿಗೆ ಎಂದು ತಾಳ ತಿಳಿದಿತ್ತು?

ಆಮೇಲೆ ಹಿಂದಿನಿಂದ ಒಂದು ಕೂಗು ಕೇಳಿತು, ಮರಕ್ಕೆ ಮರ ತಾಗಿದ ಸದ್ದು, "ಹಿಡಿ, ಹಿಡಿ!" ಎಂಬ ನಾಲ್ಕಾರು ದನಿಗಳು. ಕಾರ್ನೆಟ್ ತುಟಿಯಿಂದ ಜಾರಿತು. ಎಡ್ಮಂಡ್ ತಿರುಗಿದ.

ಪೆಟ್ಟಿಗೆ ಒಂದು ಕಡೆಗೆ ವಾಲಿತ್ತು. ಹೊತ್ತವರಲ್ಲಿ ಒಬ್ಬ ಮುಗ್ಗರಿಸಿ ಮೋರಿಯ ಕಟ್ಟೆಗೆ ಮೊಣಕಾಲು ಹೊಡೆದುಕೊಂಡಿದ್ದ. ಬಸ್ಸಿನ ಕಂಡಕ್ಟರ್ ಹಾರಿ ಬಂದು ಅವನ ಜಾಗದಲ್ಲಿ ಹೆಗಲು ಕೊಟ್ಟಿದ್ದ. ಆರೂ ಜನ ಓಡಿ ಬಂದವರ ಹಾಗೆ ಏದುತ್ತಿದ್ದರು. ಓಡಿಯೇ ಬಂದಿದ್ದರು. ಪಾದ್ರಿಗಳ ನಿಲುವಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿತ್ತು. ಮುದುಕಿಯರೆಲ್ಲ ಬಹಳ ಹಿಂದೆ, ಗದ್ದೆಯ ಆಚೆ ತುದಿಯಲ್ಲಿ, ಜಪಸರ ಹಿಡಿದು ಅಲ್ಲೊಬ್ಬರು ಇಲ್ಲೊಬ್ಬರು ಚೆಲ್ಲಿಹೋಗಿದ್ದರು. ಅರ್ಧ ಗಂಟೆಯ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತು ನಿಮಿಷದಲ್ಲಿ ಸವೆದಿತ್ತು.

ಝೀಟಾ ಮುಂದೆ ಬಂದಳು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಅವರಿಗೆ ಹೋಗ್ಲಿಕ್ಕೆ ಅವಸರ ಇಲ್ಲ ಎಡ್ಮಂಡ್," ಎಂದಳು. ದನಿ ಎತ್ತಿರಲಿಲ್ಲ. "ನಿನಗೆ ಕಳಿಸ್ಲಿಕ್ಕೆ ಅವಸರ ಉಂಟಾ?"

ಎಡ್ಮಂಡ್ ಏನೋ ಹೇಳಲು ಹೋದ. ರಸ್ತೆ ಇಳಿಜಾರು ಎನ್ನಬಹುದಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಗಾದೆ ಅವನಿಗೂ ಗೊತ್ತಿತ್ತು. ಅವನು ಇನ್ನೊಮ್ಮೆ ಕಾರ್ನೆಟ್ ತುಟಿಗಿಟ್ಟು, ಮನಸ್ಸಿನಲ್ಲೇ ಒಂದು, ಎರಡು, ಮೂರು, ನಾಲ್ಕು ಎಂದು ಲೆಕ್ಕ ಹಾಕಿ ನೋಡಿದ. ಲೆಕ್ಕವೂ ಓಡುತ್ತಿತ್ತು. ನಿಲ್ಲಿಸಲು ಏನೂ ಸಿಗಲಿಲ್ಲ. ಬೆನ್ನ ಹಿಂದೆ ಬರೀ ಬಿಸಿಲು.

ಪೆಟ್ಟಿಗೆ ಹೆಗಲ ಮೇಲೇ ಇತ್ತು. ಇಗರ್ಜಿ ಸೇರುವ ಮೊದಲು ಅದನ್ನು ನೆಲಕ್ಕೆ ಇಳಿಸುವ ಹಾಗಿಲ್ಲ. ಹೊತ್ತವರ ತೋಳು ನಡುಗುತ್ತಿತ್ತು. ಎಲ್ಲರೂ ಎಡ್ಮಂಡನನ್ನೇ ನೋಡುತ್ತಿದ್ದರು. ಈ ಜನವೆಲ್ಲ ತನ್ನನ್ನು ಮಾತ್ರ ನೋಡಬೇಕು, ತನ್ನನ್ನು ಮಾತ್ರ ಕೇಳಬೇಕು ಎಂದು ಅವನು ಬೆಳಿಗ್ಗೆ ಬಯಸಿದ್ದ.

ಅವನು ನಡೆದ. ಝೀಟಾಳನ್ನು ದಾಟಿ, ಪೆಟ್ಟಿಗೆಯನ್ನು ದಾಟಿ, ರತ್ನಾವತಿ ಟೀಚರನ್ನು, ಮುದ್ರಣಾಲಯದವರನ್ನು ದಾಟಿ ನಡೆದ. ಜನ ದಾರಿ ಬಿಟ್ಟರು. ಎಲ್ಲರ ಹಿಂದೆ, ವಾಪಸು ಬಸ್ಸು ಇಗರ್ಜಿಯ ಹತ್ತಿರವೇ ಹಿಡಿಯಬೇಕಾದ್ದರಿಂದ ಗೋಣಿಯ ಗಂಟನ್ನೂ ಹೊತ್ತುಕೊಂಡು, ಭೋಜ ಬರುತ್ತಿದ್ದ.

"ಬಾ ಭೋಜ," ಎಂದ ಎಡ್ಮಂಡ್. "ಊದಬೇಕು."

"ನಿಮ್ಮ ಪದ್ಧತಿ ಉಂಟಲ್ಲ ಪೊರ್ಬುಗಳೇ?"

ಸುತ್ತಲಿದ್ದವರು ಕಿವಿಯಾದರು. ಇಮೆಲ್ಡಾ ಮೂರೇ ಹೆಜ್ಜೆ ದೂರದಲ್ಲಿದ್ದಳು.

"ಅಂಥ ಪದ್ಧತಿ ಇಲ್ಲ. ಬೆಳಿಗ್ಗೆ ನಾನು ಹುಟ್ಟಿಸಿದ್ದು."

"ಯಾಕೆ?"

ಎಡ್ಮಂಡ್ ಇಮೆಲ್ಡಾಳ ಕಡೆ ನೋಡದೆ ಹೇಳಿದ: "ಹೊಟ್ಟೆಕಿಚ್ಚು ಮಾರಾಯ. ಇನ್ನೆಂತ?"

ಭೋಜ ಗೋಣಿ ಬಿಚ್ಚಿದ. ಅದನ್ನು ಮಡಚಿ ಇಮೆಲ್ಡಾಳ ಕೈಗೆ ಕೊಟ್ಟ. ಇಬ್ಬರೂ ಮುಂದಕ್ಕೆ ನಡೆಯುವಾಗ ಎಡ್ಮಂಡ್, ತಾನು ಇನ್ನೂ ಮುಂದಾಳು ಎಂದು ತೋರಿಸಿಕೊಳ್ಳಲು, "ನಮ್ಮ ವೇಗ ಗೊತ್ತುಂಟಾ ನಿನಗೆ?" ಎಂದು ಕೇಳಿದ.

"ಗೊತ್ತುಂಟು. ನಿಮ್ಮ ಹಿಂದೆ ಹೇಗೆ ಊದುವುದು ಅಂತ ಪಾಸ್ಕಲಣ್ಣ ಬೇರೆಯೇ ಕಲಿಸಿದ್ದಾರೆ. ನನಗೆ ಜ್ವರ ಬಂದರೆ ನೀನು ಹೋಗಬೇಕಾದೀತು ಅಂತ."

"ನನ್ನ ಹಿಂದೆ ಅಂತ ಬೇರೆಯಾ? ಎಂತ ಕಲಿಸಿದ್ದಾನೆ?"

ಭೋಜ ಹಿಂಜರಿದ. "ಬೇಡ ಪೊರ್ಬುಗಳೇ."

"ಹೇಳು."

"ನೀವು ಮುಂದೆ ಮುಂದೆ ಹೋಗ್ತೀರಿ ಅಂತ ಹೇಳಿದ್ದರು. ಹೋಗ್ಲಿಕ್ಕೆ ಬಿಡಬಾರದು. ಆದರೆ ಬಿಡಲಿಲ್ಲ ಅಂತ ನಿಮಗೆ ಗೊತ್ತಾಗಬಾರದು. ಅದೇ ಕಷ್ಟದ ಕೆಲಸ, ಉಳಿದದ್ದು ಎರಡೇ ಸ್ವರ ಅಂತ."

ಎಡ್ಮಂಡ್ ಪೆಟ್ಟಿಗೆಯ ಪಕ್ಕದಿಂದ ಹಾದುಹೋಗುತ್ತಿದ್ದ. ಅದರ ಕಡೆ ಕಣ್ಣು ಹೋಗಲಿಲ್ಲ, ಹೋಗಲು ಅವನು ಬಿಡಲಿಲ್ಲ. ಪಾಸ್ಕಲ್ ಇಪ್ಪತ್ತೆರಡು ವರ್ಷ ತನ್ನ ಜೊತೆ ಒಂದೇ ಬಸ್ಸಿನಲ್ಲಿ ಹೋಗಿ, ಒಂದೇ ಎಲೆಯ ಸಾಲಿನಲ್ಲಿ ಕುಳಿತು ಉಂಡು, ಒಂದು ದಿನ, ಒಂದೇ ಒಂದು ದಿನ ಜಗಳಕ್ಕಾದರೂ, ಈ ಮಾತು ಆಡಬಹುದಿತ್ತು. ಆಡಿದ್ದರೆ ಇವತ್ತು ಬೈಯಲು ಒಂದು ಕಾರಣವಾದರೂ ಇರುತ್ತಿತ್ತು. ಅದನ್ನೂ ಬಿಟ್ಟುಹೋಗಿರಲಿಲ್ಲ ಆ ಮನುಷ್ಯ. ಎಡ್ಮಂಡನಿಗೆ ಅಳು ಬಂತು, ಹೊಟ್ಟೆಯೂ ಉರಿಯಿತು. ಯಾವುದು ಮೊದಲು ಬಂತೆಂದು ಅವನಿಗೇ ಹೇಳಲಾಗುತ್ತಿರಲಿಲ್ಲ.

ಭೋಜ ಖಾಲಿ ಜಾಗದಲ್ಲಿ ನಿಂತು ಟ್ಯೂಬಾವನ್ನು ತಬ್ಬಿಕೊಂಡ. ಎಡ್ಮಂಡ್ ತನ್ನ ಜಾಗಕ್ಕೆ ಬಂದು ಕಾರ್ನೆಟ್ ಎತ್ತಿದ. ಶುರುಮಾಡುವ ಮೊದಲು ಬೆನ್ನ ಹಿಂದೆ ಆ ದಪ್ಪ ಸ್ವರ ಎದ್ದಿತು, ನೆಲದಿಂದಲೇ ಎದ್ದಂತೆ. ಶಿಲುಬೆ ಹೊರಟಿತು. ಆರು ಜೋಡಿ ಕಾಲುಗಳು ಒಟ್ಟಿಗೆ ಎದ್ದು ಒಟ್ಟಿಗೆ ಊರಿದವು. ಗದ್ದೆಯ ಆಚೆ ಚೆಲ್ಲಿಹೋಗಿದ್ದ ಮುದುಕಿಯರು ಒಬ್ಬೊಬ್ಬರಾಗಿ ಬಂದು ಸೇರಿಕೊಂಡರು.

ಎಡ್ಮಂಡ್ ಒಂದು ಚರಣ ಊದಿದ. ಗೊತ್ತಿದ್ದುದರಿಂದ ಈಗ ಅವನಿಗೆ ತಿಳಿಯಿತು: ಪ್ರತಿ ಸಾಲಿನ ಕೊನೆಯಲ್ಲಿ ತಾನು ಒಂದು ಕೂದಲೆಳೆಯಷ್ಟು ಮುಂದೆ ಜಿಗಿಯುತ್ತಿದ್ದ, ಹಿಂದಿನ ಸ್ವರ ಅಲ್ಲೇ ನಿಂತು ಅವನಿಗಾಗಿ ಕಾಯುತ್ತಿತ್ತು, ಅವನು ಬೇರೆ ದಾರಿಯಿಲ್ಲದೆ ಹಿಂದಿರುಗುತ್ತಿದ್ದ. ಒಮ್ಮೆ ಬೇಕೆಂದೇ ಎಳೆದು ನೋಡಿದ. ಅದು ಅಲುಗಲಿಲ್ಲ.

ಎರಡನೆಯ ಚರಣದ ನಡುವೆ ಅವನು ಕಾರ್ನೆಟ್ಟನ್ನು ತುಟಿಯಿಂದ ಇಳಿಸಿದ.

ಯಾರೂ ತಲೆ ಎತ್ತಲಿಲ್ಲ. ಕ್ಲಾರಿನೆಟ್ಟಿನವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಉಸಿರು ತೆಗೆದುಕೊಂಡು ಊದುತ್ತಿದ್ದರು. ಪಾದ್ರಿಗಳ ತುಟಿ ಪ್ರಾರ್ಥನೆಯಲ್ಲಿ ಅಲುಗುತ್ತಿತ್ತು. ಝೀಟಾ ಒಂದೇ ಚಪ್ಪಲಿಯಲ್ಲಿ ಪೆಟ್ಟಿಗೆಯ ಹಿಂದೆ ಬರುತ್ತಿದ್ದಳು, ಇಮೆಲ್ಡಾ ಗೋಣಿ ಹಿಡಿದು ಅವಳ ಪಕ್ಕದಲ್ಲಿ ಬರುತ್ತಿದ್ದಳು, ಅವರ ಹಿಂದೆ ಊರೆಲ್ಲ ಬರುತ್ತಿತ್ತು. ಕಾರ್ನೆಟ್ಟಿನ ಹಾಡು ನಿಂತದ್ದು ಒಬ್ಬರಿಗೂ ಗೊತ್ತಾಗಿರಲಿಲ್ಲ.

ಎಡ್ಮಂಡ್ ಕೆಳಗೆ ನೋಡಿದ. ಪಾಲಿಶ್ ಮಾಡಿದ ತನ್ನ ಕಪ್ಪು ಬೂಟುಗಳು ಭೋಜನ ಸ್ವರಕ್ಕೆ ಸರಿಯಾಗಿ ಎಡ, ಬಲ, ಎಡ, ಬಲ ಎಂದು ಬೀಳುತ್ತಿದ್ದವು. ಬಲಗಾಲನ್ನು ಒಂದು ಕ್ಷಣ ತಡೆದು ಹಿಡಿಯಲು ನೋಡಿದ. ಅದು ಅವನ ಮಾತು ಕೇಳದೆ, ಸಮಯಕ್ಕೆ ಸರಿಯಾಗಿ, ಮುಂದಿನ ಹೆಜ್ಜೆ ಇಟ್ಟಿತು.